ಅತ್ತೆ ರಾಣಿಯ ಮುಖ ತೊಳೆದದ್ದು

ನನ್ನ ಮಗನಿಗೆ ಈಚೆಗೆ ಹೊಸ ಹುಚ್ಚೊಂದು ಹತ್ತಿದೆ. ಹಳೆಯ ಬೆಳ್ಳಿ ರೂಪಾಯಿಗಳನ್ನು ಎಲ್ಲೆಲ್ಲಿಂದಲೋ ಕೊಂಡು ತಂದು, ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾನೆ. ನಿನ್ನೆ ಸಂಜೆ ಅಂಥದೊಂದನ್ನು ನನ್ನ ಅಂಗೈ ಮೇಲಿಟ್ಟ. ಬಾಣಲೆಯ ತಳದ ಹಾಗೆ ಕರ್ರಗಿತ್ತು. ಹಳೆಯ ಅಭ್ಯಾಸ ನೋಡಿ, ಪಂಚೆಯ ಅಂಚಿನಿಂದ ಒರೆಸಲು ಹೋದೆ. ಮಗ ಹಾವು ಕಂಡವನ ಹಾಗೆ ಹಾರಿ ಬಂದು ಕಿತ್ತುಕೊಂಡ. ಕಪ್ಪು ಇದ್ದಷ್ಟೂ ಬೆಲೆಯಂತೆ. ಇದು ಇನ್ವೆಸ್ಟ್‌ಮೆಂಟ್ ಅಂತೆ. ಒರೆಸಿದರೆ ಮುಗಿಯಿತಂತೆ.

ಪಕ್ಕದಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದ ಸೊಸೆ ತಲೆ ಎತ್ತಲಿಲ್ಲ. ನಮ್ಮ ಅಡುಗೆಮನೆಯ ಕಟ್ಟೆ ಬಿರುಕು ಬಿಟ್ಟಿದೆ, ಸೋರುವ ನಲ್ಲಿಗೆ ಚಿಂದಿ ಸುತ್ತಿ, ಕೆಳಗೆ ಬಾಲ್ದಿ ಇಟ್ಟು ಕಾಲ ಕಳೆಯುತ್ತಿದ್ದೇವೆ. ಪಾಪ, ಅವಳು ರಿಪೇರಿಯ ಮಾತೆತ್ತಿದಾಗೆಲ್ಲ ಮಗನದು ಒಂದೇ ಉತ್ತರ: "ಸ್ವಲ್ಪ ತಡಿ, ಬೆಳ್ಳಿ ಏರಲಿ." ನಿನ್ನೆಯೂ ಅದನ್ನೇ ಅಂದ. ನನ್ನ ಬೆರಳಿಗೆ ಆ ನಾಣ್ಯದ ಹಳೆಯ ಲೋಹದ ವಾಸನೆ ಹತ್ತಿಕೊಂಡಿತ್ತು. ಆ ವಾಸನೆ, ಆ ಮಾತು ಎರಡೂ ಒಟ್ಟಿಗೆ ಬಂದರೆ ನಾನು ಈ ಮನೆಯಲ್ಲಿ ಇರುವುದಿಲ್ಲ ಸ್ವಾಮಿ. ಸೀದಾ ಕುರ್ಲಾದ ಚಾಳಿಗೆ ಹೋಗಿಬಿಡುತ್ತೇನೆ. ನೀವೂ ಬನ್ನಿ, ಜಾಗ ಇಕ್ಕಟ್ಟು, ಆದರೆ ಮುಂಬಯಿಯಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ.

ನಯಾ ಪೈಸೆ ಬಂದ ಹೊಸತು ಅದು. ಊರಿನಿಂದ ಬಂದು ಫೋರ್ಟ್ ಪ್ರದೇಶದ ಕಛೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು, ಕುರ್ಲಾ ಸ್ಟೇಷನ್ನಿನ ಹತ್ತಿರದ ಚಾಳಿನಲ್ಲಿ ನನ್ನ ಸೋದರಮಾವನ ಒಂದೇ ಕೋಣೆಯ ಮನೆಯಲ್ಲಿದ್ದೆ. ಮಾವ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುವವರು. ಮಕ್ಕಳಿಲ್ಲದ ಮಾವನಿಗೆ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರ ತುಂಬ ಇಂಗ್ಲೆಂಡಿನ ದೊರೆಗಳ ಮುಖವಿದ್ದ ರಾಣಿ ಛಾಪು, ರಾಜ ಛಾಪು ಬೆಳ್ಳಿ ರೂಪಾಯಿಗಳು. ಯುದ್ಧದ ಕಾಲದಲ್ಲಿ ಬೆಳ್ಳಿ ಮಾಯವಾಗಿ ಕಾಗದದ ರೂಪಾಯಿ ಬಂದಾಗಿನಿಂದ ಹಿಡಿದ ವ್ರತ. ಯಾರೋ ಪ್ರಯಾಣಿಕ ಇಡ್ಲಿ ತಿಂದು ಹಳೆಯ ಬೆಳ್ಳಿ ನಾಣ್ಯ ಕೊಟ್ಟರೆ ಮಾವ ಅದನ್ನು ಮಾರ್ಬಲ್ ಮೇಜಿನ ಮೇಲೆ ಠಣ್ಣೆಂದು ಬಡಿದು, ಕಣ್ಣು ಮುಚ್ಚಿ ಆಲಿಸಿ, ಸ್ವರ ಶುದ್ಧವಾಗಿದ್ದರೆ ತನ್ನ ಜೇಬಿನ ನೋಟನ್ನು ಗಲ್ಲಾಕ್ಕೆ ಹಾಕಿ ನಾಣ್ಯವನ್ನು ಮನೆಗೆ ತರುತ್ತಿದ್ದರು. ಅದನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಡಬ್ಬಿಗೆ ಸೇರಿಸುವಾಗ ಅವರ ಮುಖದಲ್ಲಿ ಹೆಣ್ಣುಮಗಳನ್ನು ತೊಟ್ಟಿಲಿಗೆ ಹಾಕುವವರ ಕಳೆ ಇರುತ್ತಿತ್ತು.

ಆಣೆ ಹೋಗಿ ನಯಾ ಪೈಸೆ ಬಂದು, ಒಂದಾಣೆಗೆ ಆರೋ ಏಳೋ ಎಂದು ಗಿರಾಕಿಗಳು ದಿನವೂ ಗಲ್ಲಾದ ಮುಂದೆ ಜಗಳಕ್ಕೆ ನಿಂತಾಗ ಮಾವನ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. "ನೋಡು ಮಾಣಿ, ಸರ್ಕಾರಕ್ಕೆ ಪೈಸೆಯ ಹೆಸರು ಬದಲಿಸ್ಲಿಕ್ಕೆ ಆಗ್ತದೆ. ಬೆಳ್ಳಿಯ ಹೆಸರು ಬದಲಿಸ್ಲಿಕ್ಕೆ ಯಾರಪ್ಪನಿಂದ ಆಗ್ತದೆ?" ಎನ್ನುತ್ತಿದ್ದರು. ಸಂಬಳದ ಬಹುಪಾಲನ್ನು ಹಂಚಿನ ಮನೆಯ ರಿಪೇರಿಗೆಂದು ಊರಿಗೆ ಕಳಿಸಿಬಿಡುತ್ತಿದ್ದ ನನಗೆ ಅದಕ್ಕೆ ಎದುರಾಡುವ ಯೋಗ್ಯತೆ ಇರಲಿಲ್ಲ.

ಇನ್ನು ಮಾವನ ಹೆಂಡತಿ, ನನ್ನ ಅತ್ತೆಯ ವಿಷಯ. ಅವರಿಗೆ ಬೇಕಿದ್ದದ್ದು ಒಂದೇ ಒಂದು ವಸ್ತು. ಮನೆಯೊಳಗೊಂದು ನಲ್ಲಿ. ನಮ್ಮ ಚಾಳಿನ ನಲ್ಲಿ ಮೊಗಸಾಲೆಯ ತುದಿಯಲ್ಲಿತ್ತು. ಬೆಳಗಿನ ಜಾವದಿಂದಲೇ ಅಲ್ಲಿ ಕೊಡಗಳ ಸಾಲು. ಅತ್ತೆ ಕಲಿತ ಮರಾಠಿಯಷ್ಟೂ ಆ ಸಾಲಿನಲ್ಲಿ ಕಲಿತದ್ದು. ಹಾಗಾಗಿ ಅವರಿಗೆ ಆ ಭಾಷೆಯಲ್ಲಿ ಜಗಳವಾಡಲು ಸೊಗಸಾಗಿ ಬರುತ್ತಿತ್ತು, ಆರೋಗ್ಯ ವಿಚಾರಿಸಲು ಬರುತ್ತಿರಲಿಲ್ಲ. ಮಾವನ ಸ್ನಾನದ ನೀರು, ನನ್ನ ಸ್ನಾನದ ನೀರು, ಅಡುಗೆಯ ನೀರು, ಎಲ್ಲವೂ ಅವರ ಸೊಂಟದ ಮೇಲೇ ಬರಬೇಕು. ನಾನು ಕೊಡ ಹಿಡಿಯಲು ಹೋದರೆ ಗಂಡಸರು ಆ ಸಾಲಿನಲ್ಲಿ ಬದುಕಿ ಉಳಿಯುವುದಿಲ್ಲ ಎಂದು ಓಡಿಸುತ್ತಿದ್ದರು.

ಅಷ್ಟರಲ್ಲಿ ಚೆಂಬೂರಿನಲ್ಲಿ ಪರಿಚಯದವರೊಬ್ಬರು ವರ್ಗವಾಗಿ ಹೊರಟು, ಅವರ ಎರಡು ಕೋಣೆಯ ಮನೆ ಖಾಲಿಯಾಗುವುದೆಂದು ಗೊತ್ತಾಯಿತು. ಪಗಡಿ, ಅಂದರೆ ಬಾಡಿಗೆಯಲ್ಲದೆ ಮುಂಗಡವಾಗಿ ಒಂದು ದೊಡ್ಡ ಗಂಟು, ಕೊಟ್ಟು ಹಿಡಿಯಬೇಕು, ತಿಂಗಳೊಳಗೆ. ನಾವು ಮೂವರೂ ಹೋಗಿ ನೋಡಿದೆವು. ಮಾವ ಗೋಡೆ ತಟ್ಟಿದರು, ನಾನು ಗಾಳಿ ಬೆಳಕು ನೋಡಿದೆ. ಅತ್ತೆ ನೇರ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ಬಂತು. ನಿಲ್ಲಿಸಿದರು. ಮತ್ತೆ ತಿರುಗಿಸಿದರು. ಅವರ ಕಣ್ಣು ಒದ್ದೆಯಾದದ್ದನ್ನು ನಾನು ಕಂಡೆ, ಮಾವ ಕಾಣಲಿಲ್ಲ.

ಡಬ್ಬಿಯ ಬೆಳ್ಳಿಯನ್ನು ಮಾರಿದರೆ ಪಗಡಿ ಹೆಚ್ಚುಕಡಿಮೆ ಹೊಂದುತ್ತಿತ್ತು. ಆದರೆ ಮಾರುವುದೆಂದರೆ ಮಾವನಿಗೆ ಮೈಯೆಲ್ಲ ಉರಿ. ಬೆಲೆ ಏರಿದರೆ ಇನ್ನೂ ಏರುತ್ತದೆ, ತಡಿ ಎನ್ನುವರು. ಇಳಿದರೆ ಇಳಿದಾಗ ಮಾರುವವನು ಮೂರ್ಖ ಎನ್ನುವರು. ಏರದೆ ಇಳಿಯದೆ ನಿಂತರೆ, ಅದು ಏರಲಿಕ್ಕೆ ಉಸಿರು ಹಿಡಿಯುತ್ತಿದೆ ಎನ್ನುವರು. ಇಂಥ ಮನುಷ್ಯನನ್ನು ಬ್ರಹ್ಮನಿಂದಲೂ ಅಲ್ಲಾಡಿಸಲು ಆಗುವುದಿಲ್ಲ.

ಸಾಲದ್ದಕ್ಕೆ ಹೋಟೆಲಿಗೆ ಕಾಫಿಗೆ ಬರುತ್ತಿದ್ದ ಪಾರ್ಸಿ ಮುದುಕರೊಬ್ಬರು ಅವರಿಗೆ ಗಂಟುಬಿದ್ದರು. ಹಳೆಯ ನಾಣ್ಯ ಕೂಡಿಡುವ ಶೋಕಿ ಅವರಿಗೆ. ಒಳ್ಳೆಯ ಸ್ಥಿತಿಯ ನಾಣ್ಯಕ್ಕೆ ಬೆಳ್ಳಿಯ ಬೆಲೆಯ ಹತ್ತು ಪಟ್ಟು ಕೊಡುತ್ತಾರಂತೆ. ಒಂದೇ ಷರತ್ತು, ನಾಣ್ಯವನ್ನು ತೊಳೆದಿರಬಾರದು, ಉಜ್ಜಿರಬಾರದು, ಮೈಮೇಲಿನ ಕಪ್ಪು ಹಾಗೇ ಇರಬೇಕು. ಭಾನುವಾರ ಮನೆಗೇ ಬಂದು ನೋಡುವುದೆಂದು ನಿಶ್ಚಯವಾಯಿತು.

ಶುಕ್ರವಾರ ಊಟಕ್ಕೆ ಕೂತಾಗ ಮಾವ ಇದೆಲ್ಲವನ್ನೂ ನನಗೆ ವಿವರಿಸಿದರು. ಅತ್ತೆ ಒಲೆಯ ಹತ್ತಿರ ನಮಗೆ ಬೆನ್ನು ಹಾಕಿ ಸಾರಿಗೆ ಒಗ್ಗರಣೆ ಕೊಡುತ್ತಿದ್ದರು. ಹತ್ತು ಪಟ್ಟು ಬಂದರೆ ಪಗಡಿ ಕೊಟ್ಟೂ ಮಿಗುತ್ತದಲ್ಲ ಮಾವ ಎಂದೆ. ಮಾವ ನನ್ನ ದಡ್ಡತನಕ್ಕೆ ನಕ್ಕರು. "ಕೊಡ್ಲಿಕ್ಕೆ ಯಾರು ಹೊರಟದ್ದು ಮಾರಾಯ? ಅವನು ಹತ್ತು ಪಟ್ಟು ಕೊಡ್ತೇನೆ ಹೇಳ್ತಾನೆ ಅಂದ್ರೆ ಅದಕ್ಕೆ ಇಪ್ಪತ್ತು ಪಟ್ಟು ಬೆಲೆ ಉಂಟು ಅಂತಲೇ ಅರ್ಥ. ಅವನ ಬಾಯಲ್ಲಿ ಬೆಲೆ ಕೇಳಿ ಇಟ್ಕೊಳ್ಳುವ. ಮತ್ತೆ ಕಾಯುವ."

ಒಗ್ಗರಣೆ ಸ್ವಲ್ಪ ಸೀದಿತು. ಅತ್ತೆಯ ಕೈಯಲ್ಲಿ ಒಗ್ಗರಣೆ ಸೀದದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಭಾನುವಾರ ಮನೆಯಲ್ಲಿ ಹೆಣ್ಣು ನೋಡಲು ಬರುವಾಗಿನಂಥ ಸಡಗರ. ಮಾವ ಪಕ್ಕದ ಮನೆಯಿಂದ ಕುರ್ಚಿ ತಂದರು. ಅತ್ತೆ ಶಿರಾ ಮಾಡಿದರು. ಪಾರ್ಸಿಯವರು ಬಂದು ಕೂತು, ಕೋಟಿನ ಜೇಬಿನಿಂದ ಭೂತಗನ್ನಡಿ ತೆಗೆದು, ಕರವಸ್ತ್ರದಿಂದ ಒರೆಸಿ ಸಿದ್ಧರಾದರು. ಮಾವ ಡಬ್ಬಿಗೆ ಕೈ ಹಾಕುವ ಮೊದಲೇ ಅತ್ತೆ ಒಲೆಯ ಕಡೆಯಿಂದ ರೇಷ್ಮೆ ವಸ್ತ್ರ ಹಾಸಿದ ಹರಿವಾಣ ತಂದು ನಡುವೆ ಇಟ್ಟರು.

ದೇವರೇ, ಆ ಹೊಳಪು! ರಾಣಿಯೇನು, ರಾಜರೇನು, ಎಲ್ಲರೂ ಆಗಷ್ಟೇ ಎಣ್ಣೆಸ್ನಾನ ಮುಗಿಸಿ ಬಂದವರ ಹಾಗೆ ಮಿರಮಿರ ಮಿಂಚುತ್ತಿದ್ದರು. ಹುಣಸೆಹಣ್ಣು ಮತ್ತು ಒಲೆಯ ಬೂದಿ ಹಾಕಿ, ಮೇಲಿಂದ ತೆಂಗಿನ ನಾರಿನಲ್ಲಿ ತಿಕ್ಕಿದ ಹೊಳಪು. ರಾಣಿಯ ಮೂಗು ಒಂದೆರಡು ನಾಣ್ಯದಲ್ಲಿ ಸವೆದೂ ಇತ್ತು. ಪಾರ್ಸಿಯವರು ಒಂದು ನಾಣ್ಯ ಎತ್ತಿದರು, ಕೆಳಗಿಟ್ಟರು. ಇನ್ನೊಂದು ಎತ್ತಿದರು, ಇಟ್ಟರು. ಆಮೇಲೆ ಭೂತಗನ್ನಡಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, ಇದನ್ನು ತೊಳೆದವರು ಯಾರು ಎಂದು ಹಿಂದಿಯಲ್ಲಿ ಕೇಳಿದರು. ನಾನು ಅನುವಾದಿಸಿದೆ.

"ನಾನೇ ತೊಳೆದದ್ದು," ಅಂದರು ಅತ್ತೆ. "ನಾಲ್ಕು ಜನ ನೋಡ್ಲಿಕ್ಕೆ ಬರುವಾಗ ಮುಖ ತೊಳೆಸದೆ ಕೂರಿಸ್ತಾರಾ? ಮುಖ ತೊಳೆದ್ರೆ ಬೆಲೆ ಇಳಿಯುವುದು ಯಾವ ಊರಿನ ನ್ಯಾಯ, ಕೇಳು ಅವರನ್ನು."

ಕೇಳಿದೆ. ಅವರು, ಇನ್ನು ಇದು ಬರೀ ಬೆಳ್ಳಿ, ತೂಕಕ್ಕೆ ಎಷ್ಟು ಬರುತ್ತದೋ ಅಷ್ಟೇ ಎಂದು ಹೇಳಿ, ಎರಡು ಸಲ ಶಿರಾ ಹಾಕಿಸಿಕೊಂಡು ತಿಂದು, ಅತ್ತೆಗೆ ಕೈಮುಗಿದು ಹೋದರು.

ಮಾವ ಬೈಯುತ್ತಾರೆಂದು ನಾನು ಬಾಗಿಲಿನ ಹತ್ತಿರ ಸರಿದು ನಿಂತೆ. ಅವರು ಬೈಯಲಿಲ್ಲ. ಆ ಹರಿವಾಣದ ಮುಂದೆ ಕೂತರು. ಒಂದು ನಾಣ್ಯ ತೆಗೆದು ನೆಲಕ್ಕೆ ಬಡಿದರು. ಸ್ವರ ಮೊದಲಿನಂತೆಯೇ ಇತ್ತು. ಆದರೆ ನೋಡಿ, ಕಾಯುವುದಕ್ಕೆ ಏನೂ ಉಳಿಯದ ಮನುಷ್ಯ ಎಷ್ಟು ಬೇಗ ಎದ್ದು ನಿಲ್ಲುತ್ತಾನೆ! ಮರುದಿನವೇ ನನ್ನನ್ನು ಕರೆದುಕೊಂಡು ಚಿನ್ನಬೆಳ್ಳಿಯ ಝವೇರಿ ಬಜಾರಿಗೆ ಹೋದರು. ರಾಣಿ, ರಾಜರಾದ ಅವಳ ಮಗ, ಮೊಮ್ಮಗ, ಎಲ್ಲರೂ ಒಂದೇ ತಕ್ಕಡಿಯಲ್ಲಿ ಒಟ್ಟಿಗೆ ಕೂತು ತೂಗಿಸಿಕೊಂಡರು. ಕಡಿಮೆ ಬಿದ್ದದ್ದನ್ನು ಅತ್ತೆ ಸಾಸಿವೆ ಡಬ್ಬಿ ಕೊಡವಿ ತುಂಬಿದರು. ಆ ತಿಂಗಳೇ ನಾವು ಚೆಂಬೂರಿಗೆ ಹೋದೆವು.

ಹೊಸ ಮನೆಯ ಮೊದಲ ಬೆಳಗ್ಗೆ ಅತ್ತೆ ಕಾರಣವಿಲ್ಲದೆ ನಾಲ್ಕು ಸಲ ಕೈ ತೊಳೆದುಕೊಂಡರು. ಮಾವ ಸಾಯುವವರೆಗೂ ಬಂದವರಿಗೆಲ್ಲ ಹೇಳುತ್ತಿದ್ದರು, ಪಾಪ, ಇವಳಿಗೆ ಗೊತ್ತಾಗಲಿಲ್ಲ, ಹಳ್ಳಿಯ ಹೆಂಗಸು, ಲಕ್ಷ್ಮಿ ಎಂದು ತೊಳೆದುಬಿಟ್ಟಳು ಅಂತ. ಅತ್ತೆ ತಲೆ ತಗ್ಗಿಸಿ ಕಾಫಿ ಕೊಡುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ.

ನನ್ನ ಮದುವೆಯಾಗಿ ನಾವಿಬ್ಬರೂ ಆ ಮನೆಗೆ ನಮಸ್ಕಾರಕ್ಕೆ ಹೋದಾಗ ಅತ್ತೆ ನನ್ನ ಹೆಂಡತಿಯನ್ನು ಅಡುಗೆಮನೆಗೆ ಕರೆದು, ಪಂಚೆಯ ತುಂಡಿನಲ್ಲಿ ಸುತ್ತಿದ್ದ ಏನನ್ನೋ ಅವಳ ಕೈಗಿಟ್ಟರು. ಬಿಚ್ಚಿದರೆ ರಾಣಿ ಛಾಪಿನ ರೂಪಾಯಿ. ಡಬ್ಬಿಯಲ್ಲಿದ್ದುದರಲ್ಲಿ ಎಲ್ಲಕ್ಕಿಂತ ಹಳೆಯದು. ಮೈಯೆಲ್ಲ ಕರ್ರಗೆ, ಬೂದಿ ತಾಗದ, ಹುಣಸೆಹಣ್ಣು ಕಾಣದ ರಾಣಿ.

"ಇದೊಂದನ್ನು ಮಾತ್ರ ತೊಳೀಬೇಡ ಆಯ್ತಾ," ಅಂದರು ಅತ್ತೆ. "ತೊಳೆದ್ರೆ ಬೆಲೆ ಇಳೀತದಂತೆ."

ನಿನ್ನೆ ಮಗ ಕಛೇರಿಯ ಫೋನು ಬಂತೆಂದು ಬಾಲ್ಕನಿಗೆ ಹೋದಾಗ ಇಷ್ಟನ್ನೂ ಸೊಸೆಗೆ ಹೇಳಿದೆ. ಬೀನ್ಸು ಮುಗಿದಿತ್ತು. ಬೆಳ್ಳಿ ನಾಣ್ಯ ಬೆಲೆ ಉಳಿಸಿಕೊಳ್ಳುತ್ತದೆಯೇ ಎಂದು ನೀವು ನನ್ನನ್ನು ಕೇಳಿದರೆ, ಉಳಿಸಿಕೊಳ್ಳುತ್ತದೆ, ಆದರೆ ಎಲ್ಲ ನಿಂತಿರುವುದು ಅದು ಮನೆಯ ಯಾರ ಕೈಯಲ್ಲಿದೆ ಎಂಬುದರ ಮೇಲೆ ಎನ್ನುತ್ತೇನೆ. ನನ್ನ ಹೆಂಡತಿ ಹೋದಮೇಲೆ ಆ ರಾಣಿ ನನ್ನ ಟ್ರಂಕಿನಲ್ಲೇ ಇದ್ದಳು. ಎದ್ದು ಹೋಗಿ ತಂದು ಸೊಸೆಯ ಅಂಗೈ ಮೇಲಿಟ್ಟೆ.

"ಇದೊಂದನ್ನು ಮಾತ್ರ ತೊಳೆಯಬೇಡಮ್ಮ," ಎಂದೆ.

ಅವಳು ನಾಣ್ಯ ನೋಡಿದಳು, ನನ್ನನ್ನು ನೋಡಿದಳು, ಬೀಗ ಹಾಕಿದ ಕಪಾಟನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

"ಮಾವ, ಹೊಸ ಹುಣಸೆಹಣ್ಣು ಆಗ್ತದಾ, ಹಳೇದೇ ಬೇಕಾ?"