ಭಾವ ಭಾಮೈದರ ರಷ್ಯಾ ಅಮೆರಿಕ

ನಾನು ತುರುವನೂರಿನ ಶಾಲೆಯಲ್ಲಿ ಓದುವಾಗ ಮಧ್ಯಾಹ್ನ ನಮಗೆ ಬಡಿಸುತ್ತಿದ್ದದ್ದು ಅಮೆರಿಕದಿಂದ ಬಂದ ಗೋಧಿ ರವೆಯ ಉಪ್ಪಿಟ್ಟು. ಆದರೆ ನನ್ನ ಪುಸ್ತಕಗಳಿಗೆ ಹಾಕಿದ್ದ ಬೈಂಡು ರಷ್ಯಾದ್ದು. ಅಲ್ಲಿಯ ಸುದ್ದಿ ಹೊತ್ತು ಕನ್ನಡದಲ್ಲೇ ಬರುತ್ತಿದ್ದ ಬಣ್ಣದ ಪತ್ರಿಕೆಯೊಂದಿತ್ತು. ಬೈಂಡಿಗೆ ಹರಿದುಕೊಳ್ಳುತ್ತಿದ್ದ ಅದರ ಹಾಳೆ ಎಷ್ಟು ನುಣುಪೆಂದರೆ ಮೇಲೆ ನೀರು ಬಿದ್ದರೂ ಜಾರಿಹೋಗುತ್ತಿತ್ತು.

ಪತ್ರಿಕೆ ತರಿಸುತ್ತಿದ್ದವನು ಅಪ್ಪ. ಶೇಂಗಾ, ಜೋಳ ಬೆಳೆಯುವ ರೈತನಾದರೂ ನಮ್ಮ ದೇಶಕ್ಕೆ ಕಷ್ಟ ಬಂದರೆ ಓಡಿಬರುವುದು ರಷ್ಯಾ ಒಂದೇ ಎಂದು ಅವನು ನಂಬಿದ್ದ. ಉಪ್ಪಿಟ್ಟಿನ ಪರ ನಿಂತವನು ನನ್ನ ಸೋದರಮಾವ. ಹಿರಿಯೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಅವನು ಚಿಕ್ಕಂದಿನಲ್ಲಿ ಅಮೆರಿಕದ ಹಾಲಿನ ಪುಡಿ ಕುಡಿದು ಬೆಳೆದವನು. ಆ ಋಣವನ್ನು ಎಂದೂ ಮರೆಯಲಿಲ್ಲ. ಅವನು ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಜಗಳ ಶುರು.

"ಭಾವ, ನಿನ್ ಮಗಳು ತಿನ್ನೋದು ಅಮೆರಿಕದ ಉಪ್ಪಿಟ್ಟು, ನಿನ್ ಬಾಯಾಗೆ ರಷ್ಯಾದ ಭಜನೆ!"

"ಲೇ, ಅವ್ರು ಉಪ್ಪಿಟ್ಟು ಕೊಡ್ತಾರೆ, ಆಮೇಲೆ ಪಾಕಿಸ್ತಾನಕ್ಕೆ ಬಂದೂಕನೂ ಕೊಡ್ತಾರೆ. ಮೊದ್ಲು ಕುಂತ್ಕ."

ಒಂದು ಸಲ ನನ್ನ ಗಣಿತದ ಪುಸ್ತಕಕ್ಕೆ ಹಾಕಿದ್ದ ಹಾಳೆಯ ಮೇಲೆ ಎರಡೂ ದೇಶಗಳ ಗಗನಯಾತ್ರಿಗಳು ಆಕಾಶದಲ್ಲಿ ಕೈ ಕುಲುಕುವ ಚಿತ್ರವಿತ್ತು. ಜಗಳ ಬಿಸಿಯಾಗಿದ್ದಾಗ ಅದನ್ನು ತಂದು ಇಬ್ಬರ ನಡುವೆ ಹಿಡಿದು, "ಇವ್ರು ದೋಸ್ತ್‌ಗಳಲ್ವಾ?" ಎಂದು ಕೇಳಿದೆ. ಅಪ್ಪ ಚಿತ್ರ ನೋಡಿದ, ಮಾವನೂ ನೋಡಿದ.

"ಮ್ಯಾಲೆ ಹೋದ್ಮೇಲೆ ಜಗಳ ಆಡಾಕೆ ಏನೈತೆ ಅಲ್ಲಿ," ಎಂದ ಮಾವ. ಅಪ್ಪನೂ ಹೂಂಗುಟ್ಟಿದ. ನನ್ನ ನೆನಪಿನಲ್ಲಿ ಅವರಿಬ್ಬರೂ ಒಪ್ಪಿಕೊಂಡ ಮಾತು ಅದೊಂದೇ. ನನಗೆ ಮಾತ್ರ ಏನೂ ತಿಳಿಯಲಿಲ್ಲ.

ನಾನು ಕಾಲೇಜು ಮುಗಿಸುವ ಹೊತ್ತಿಗೆ ಸೋವಿಯತ್ ದೇಶ ಒಡೆದು ಚೂರಾಯಿತು. ಅದಾದ ವಾರದೊಳಗೆ ಮಾವ ಮೈಸೂರು ಪಾಕಿನ ಪೊಟ್ಟಣ ಹಿಡಿದು ಬಸ್ಸಿಳಿದ. ಅಪ್ಪನನ್ನು ಗೋಳು ಹೊಯ್ದುಕೊಳ್ಳಲು ಬಂದಿದ್ದಾನೆಂದು ಅವ್ವ ಬಾಗಿಲಲ್ಲೇ ಕಣ್ಣು ಕೆಕ್ಕರಿಸಿದಳು. ಅಪ್ಪ ಪಡಸಾಲೆಯಲ್ಲಿ ರೇಡಿಯೋ ಮುಂದೆ ಕೂತಿದ್ದ. ರೇಡಿಯೋ ಹಾಕಿರಲಿಲ್ಲ.

"ಅಲ್ಲಲೇ, ಆ ದೇಶನೇ ಇಲ್ಲ ಅಂದ್ರೆ ಹೆಂಗೆ? ಇಪ್ಪತ್ತು ವರ್ಷ ಓದೀನಿ ಅದನ್ನ. ಅಲ್ಲಿದ್ದ ಜನ ಎಲ್ಲೋದ್ರು?"

ಮಾವ ಪೊಟ್ಟಣವನ್ನು ಮೆಲ್ಲಗೆ ಕಿಟಕಿಯ ಮೇಲಿಟ್ಟ. "ಜನ ಅಲ್ಲೇ ಅವ್ರೆ ಭಾವ. ಹೆಸ್ರು ಹೋಗೈತೆ ಅಷ್ಟೆ," ಎಂದ. ಗೆದ್ದ ಮಾತೊಂದನ್ನೂ ಆಡಲಿಲ್ಲ.

ಆಮೇಲೆ ಮಾವ ಬಂದಾಗಲೆಲ್ಲ ಅವರಿಬ್ಬರೂ ಮಳೆ, ಬೀಜ, ಸೊಂಟನೋವು ಎಂದು ನಾಲ್ಕು ಮಾತಾಡಿ ಸುಮ್ಮನಾಗುತ್ತಿದ್ದರು. "ಜಗಳ ಆಡ್ತಿದ್ರೇ ಚೆನ್ನಾಗಿತ್ತು ಕಣೆ. ಈಗ ಮನೆ ಬಿಕೋ ಅಂತೈತೆ," ಎಂದಳು ಅವ್ವ. ಕೆಲವು ವರ್ಷಗಳ ನಂತರ ಅಪ್ಪ ತೀರಿಕೊಂಡ. ಮಣ್ಣಿನ ದಿನ ಎಲ್ಲರಿಗಿಂತ ಹೆಚ್ಚು ಅತ್ತವನು ಮಾವ.

ನಾನು ಸಮಾಜ ವಿಜ್ಞಾನದ ಟೀಚರಾಗಿ ಹೊಳಲ್ಕೆರೆಯಲ್ಲಿ ಬಹಳ ವರ್ಷ ಕೆಲಸ ಮಾಡಿದೆ, ಈಗ ಹೊಸದುರ್ಗದಲ್ಲಿದ್ದೇನೆ. ಶೀತಲ ಸಮರದ ಪಾಠ ನನಗೆ ಬಾಯಿಪಾಠ. ಎರಡು ಬಣ ಇದ್ದವು, ಒಂದು ಕುಸಿಯಿತು, ಸಮರ ಮುಗಿಯಿತು. ವರ್ಷ ವರ್ಷವೂ ಅದನ್ನೇ ಹೇಳಿ ಬೋರ್ಡ್ ಒರೆಸುತ್ತಿದ್ದೆ. ಕಳೆದ ವರ್ಷ ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ಮುಗೀತು ಅಂದ್ರೆ ಈಗ ಟೀವಿಲಿ ಬರ್ತಿರೋದೇನು? ರಷ್ಯಾ ಮೇಲೆ ಹೊಡೆದಾಡಾಕೆ ಯುಕ್ರೇನಿಗೆ ಅಮೆರಿಕ ಬಂದೂಕು ಕೊಟ್ಟೈತಂತೆ. ಮತ್ತೆ ಮೊನ್ನೆ ಅಮೆರಿಕ, ರಷ್ಯಾ ಅಧ್ಯಕ್ಷರಿಬ್ರೂ ಒಂದೇ ಕಾರಲ್ಲಿ ನಗ್ತಾ ಹೋದ್ರಲ್ಲ?"

"ಸೋಮವಾರ ಹೇಳ್ತೀನಿ," ಎಂದು ತಪ್ಪಿಸಿಕೊಂಡೆ.

ಆ ಭಾನುವಾರ ಹಿರಿಯೂರಿಗೆ ಹೋದೆ. ಮಾವನಿಗೆ ಈಗ ಎಂಬತ್ತರ ಹತ್ತಿರ. ಹಗಲೆಲ್ಲ ಟೀವಿ ಸುದ್ದಿ ನೋಡುತ್ತಾನೆ. ನಾನು ಕೂರುವ ಮೊದಲೇ ಕೇಳಿದ, "ನೀನು ಟೀಚರಲ್ವೇನವ್ವ, ಹೇಳು. ಅವರಿಬ್ರೂ ಈಗ ಒಂದಾಗವ್ರೋ, ಬ್ಯಾರೆನೋ?"

"ಅದನ್ನೇ ನಿನ್ನ ಕೇಳಾಕೆ ಬಂದೆ ಮಾವ."

"ನಂಗೇನು ಗೊತ್ತು? ರಷ್ಯಾದ ಎಣ್ಣೆ ತಗಂಡ್ರಿ ಅಂತ ಅಮೆರಿಕದೋನು ನಮ್ಮೇಲೆ ತೆರಿಗೆ ಹಾಕ್ತಾನೆ. ಅದೇ ರಷ್ಯಾದೋನಿಗೆ ತಾನು ಕೆಂಪು ಹಾಸು ಹಾಸ್ತಾನೆ. ಇದ್ಯಾವ ನ್ಯಾಯ? ಭಾವ ಹೇಳ್ತಿದ್ದುದೇ ಸರಿ. ಅವ್ರನ್ನ ನಂಬಬಾರ್ದು."

ನಾನು ದಂಗಾದೆ. ಅಮೆರಿಕದ ವಿರುದ್ಧ ಅವನು ಒಂದು ಮಾತೂ ಆಡಿದ್ದನ್ನು ನಾನು ಕೇಳಿರಲಿಲ್ಲ. ಯಾಕೋ ನನ್ನ ಬಾಯಿಂದ, "ಹಂಗಾದ್ರೆ ರಷ್ಯಾ ಪಕ್ಕದ ದೇಶದ ಮೇಲೆ ಬಿದ್ದದ್ದು ಸರಿನಾ?" ಎಂದು ಬಂತು. ಅವನು ದನಿ ಏರಿಸಿದ, ನಾನೂ ಏರಿಸಿದೆ. ಅತ್ತೆ ಮುದ್ದೆ ತಂದಿಟ್ಟು, "ನಿಮ್ಮಪ್ಪನ ಕಾಲಕ್ಕೇ ನಿಂತೋಗಿತ್ತು, ಈಗ ನೀನು ಶುರು ಹಚ್ಕಂಡ್ಯಾ," ಎಂದಳು. ಇಬ್ಬರಿಗೂ ನಗು ಬಂತು. ಆದರೂ ಉಣ್ಣುವಾಗ ಮಾವ ತುತ್ತು ಕೈಯಲ್ಲೇ ಹಿಡಿದು ಕೇಳಿದ, "ನಿಮ್ಮಪ್ಪ ಈಗ ಇದ್ದಿದ್ರೆ ಯಾರ ಕಡೆ ಇರ್ತಿದ್ದ?"

ರಷ್ಯಾ ಎನ್ನಲು ಹೊರಟವಳು ನಿಂತೆ. ಅಪ್ಪ ಮೆಚ್ಚಿದ್ದು ಟ್ರ್ಯಾಕ್ಟರ್ ಓಡಿಸುವ ಹೆಂಗಸರು, ಬಡವರಿಗೆ ಪುಕ್ಕಟೆ ಆಸ್ಪತ್ರೆ ಇದ್ದ ಪತ್ರಿಕೆಯ ರಷ್ಯಾವನ್ನು. ಅಂಥದ್ದೊಂದು ನಿಜಕ್ಕೂ ಇತ್ತೋ ಇಲ್ಲವೋ, ಈಗಿನ ರಷ್ಯಾ ಅದೇ ಹೌದೋ ಅಲ್ಲವೋ, ನನಗೆ ತಿಳಿಯದು. "ಯೋಚಿಸಿ ಹೇಳ್ತೀನಿ," ಎಂದೆ. ಮಾರಿಕಣಿವೆ ಅಣೆಕಟ್ಟು ದಾಟಿ ಬಸ್ಸು ಹೊಸದುರ್ಗ ಸೇರುವವರೆಗೂ ಯೋಚಿಸಿದೆ.

ಸೋಮವಾರ ಹುಡುಗಿಗೆ, "ನನಗೂ ಸರಿಯಾಗಿ ಗೊತ್ತಿಲ್ಲ ಕಣಮ್ಮ," ಎಂದೆ.

"ಹಂಗಾದ್ರೆ ಪರೀಕ್ಷೆಲಿ ಏನು ಬರೀಲಿ ಮಿಸ್?"

"ಪುಸ್ತಕದಲ್ಲಿರೋದನ್ನೇ ಬರಿ," ಎಂದೆ. ಆ ಮಾತು ನನಗೇ ಹಿಡಿಸಲಿಲ್ಲ.

ಸಂಜೆ ಮಾವನಿಗೆ ಫೋನ್ ಮಾಡಿ, ಅಪ್ಪ ಯಾರ ಕಡೆ ಇರುತ್ತಿದ್ದನೆಂಬ ಅವನ ಪ್ರಶ್ನೆಯನ್ನೇ ಎತ್ತಿದೆ. ಆ ಕಡೆಯಿಂದ ಟೀವಿಯ ಗದ್ದಲ ಕೇಳುತ್ತಿತ್ತು.

"ತಡಿ ತಡಿ, ಅವರಿಬ್ರದ್ದು ಮತ್ತೆ ಬ್ಯಾರೆ ಏನೋ ಬರ್ತಾ ಐತೆ," ಎಂದವನು ಫೋನನ್ನು ಕೈಯಲ್ಲಿ ಹಿಡಿದೇ ಸುದ್ದಿ ನೋಡತೊಡಗಿದ.