ನೀಲವ್ವನ ನಳಕ್ಕೆ ನಾನು ಮಾಡಿದ ಪ್ರಾರ್ಥನೆ

ನೀರು ಬಂದ ಸುದ್ದಿ ನಮಗೆ ಮೊದಲು ಮೂಗಿನಿಂದಲೇ ತಿಳಿಯುತ್ತದೆ. ಬೆಟಗೇರಿಯ ನಮ್ಮ ಓಣಿಗೆ ಹತ್ತು ಹನ್ನೆರಡು ದಿನಕ್ಕೊಮ್ಮೆ ನೀರು. ಮೊದಲ ಎರಡು ಕೊಡ ಬರೀ ಬ್ಲೀಚಿಂಗ್ ಪೌಡರಿನ ವಾಸನೆ. ಮೊನ್ನೆ ಶುಕ್ರವಾರ ಮುಂಜಾನೆ ಆ ವಾಸನೆ ಬಂದಾಗ ನಾನು ಅಡುಗೆಮನೆಯಲ್ಲಿ ನೋಟ್‌ಬುಕ್ ಹಿಡಿದು ಕುಳಿತಿದ್ದೆ. ಭಾನುವಾರ ಚರ್ಚಿನಲ್ಲಿ ಹೆಣ್ಣುಮಕ್ಕಳ ಪರವಾಗಿ ನಾನು ಮಾತಾಡಬೇಕಿತ್ತು. ವಿಷಯ, ನೆರೆಯವರನ್ನು ಕ್ರಿಸ್ತನ ಕಡೆಗೆ ಸೆಳೆಯುವ ಬಾಳು. ನಾನು ಸಂಡೇ ಸ್ಕೂಲಿನ ಅಕ್ಕಾರು, ಅಂದರೆ ಟೀಚರು. ಇಂಥ ವಿಷಯ ಕೊಟ್ಟರೆ ನನ್ನನ್ನು ನಿಲ್ಲಿಸುವುದೇ ಕಷ್ಟ. ಅಂದು ಮಾತ್ರ ಒಂದು ಸಾಲೂ ಬರಲಿಲ್ಲ. ಏಕೆಂದು ಹೇಳುತ್ತೇನೆ, ಕೇಳಿ.

ನಮ್ಮ ಅತ್ತೆ ಬದುಕಿದ್ದಾಗ ನೀರು ಬಂದ ದಿನವೇ ನಮ್ಮಿಬ್ಬರ ಜಗಳ. ಅವರು ರಬ್ಬರ್ ಪೈಪನ್ನು ಮೊದಲು ಗೋಡೆಯಾಚೆ ನೀಲವ್ವನ ಮನೆಗೆ ಬಿಡುತ್ತಿದ್ದರು. ನೀಲವ್ವನದು ಓಣಿಯ ಕೊನೆಯ ಮನೆ, ತುಸು ಎತ್ತರದಲ್ಲಿದೆ. ಅವಳ ನಳಕ್ಕೆ ನೀರು ಕಿರುಬೆರಳ ಗಾತ್ರ. ನಮ್ಮ ಟಾಕಿ ತುಂಬಿದ ಮೇಲೆ ಕೊಡೋಣ ಎಂದು ನಾನು ಗೊಣಗಿದರೆ ಅತ್ತೆ ಅನ್ನುತ್ತಿದ್ದರು, “ತುಂಬಿದ ಮ್ಯಾಲ ಕೊಟ್ರ ಅದು ಉಳಿದಿದ್ದು ಕೊಟ್ಟಂಗ ಆಕೈತಿ. ಸುಮ್ಕಿರವಾ.”

ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಸಂಜೆ ಬೈಬಲ್ ಓದುವವಳು ನಾನು, ಕೇಳುವವರು ಅವರು. ಹೀಗಿರುವಾಗ ಒಂದು ಸಂಜೆ ನೀಲವ್ವ ಬಂದು ನಮ್ಮ ಬಾಗಿಲಲ್ಲಿ ಕುಳಿತಳು. “ಆಯಿ, ನಿನಗ ಹಿಂಗ ಇರಾಕ ಕಲಿಸಿದಾವ ಯಾರು? ಅವನ ಸುದ್ದಿ ನಾನೂ ಕೇಳೂಣು ಅಂತ ಬಂದೆ” ಎಂದಳು. ಅತ್ತೆ ನನ್ನತ್ತ ನೋಡಿ, “ಓದವಾ” ಎಂದರು, ಅಷ್ಟೇ. ಮಾರನೆಯ ದಿನವೂ ಬಂದಳು. ಬರಬರುತ್ತ ಭಾನುವಾರ ಚರ್ಚಿಗೂ ಬರತೊಡಗಿದಳು. ಅವಳ ಗಂಡ ಈರಣ್ಣ ಮಗ್ಗದಲ್ಲಿ ಸೀರೆ ನೇಯುವವನು. ಅಲ್ಲಿಂದಲೇ ಕೂಗುತ್ತಿದ್ದ: “ಏನ, ಐದು ರೊಟ್ಟ್ಯಾಗ ಐದು ಸಾವಿರ ಮಂದಿ ಉಂಡ್ರಂತಲ್ಲ, ನನಗ ಎರಡರ ಬಡೀತಿಯೋ ಇಲ್ಲೋ?” ಚಾಷ್ಟಿ ಮಾಡಿ ನಗುತ್ತಿದ್ದ, ಹೋಗಬೇಡ ಎಂದು ಎಂದೂ ಅನ್ನಲಿಲ್ಲ. ನಾನೋ, ನನ್ನ ಓದಿಗೆ ಒಲಿದು ಬಂದಳೆಂದು ಚರ್ಚಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಅತ್ತೆ ತೀರಿಕೊಂಡರು. ಗೋಡೆಯಾಚೆಗೆ ಪೈಪು ಬಿಡುವುದು ಅಲ್ಲಿಗೆ ನಿಂತಿತು. ತಿಂಗಳು ಕಳೆಯುವುದರೊಳಗೆ ನಾನು ನಳದ ಪೈಪಿಗೆ ಮೋಟರು ಕೂಡಿಸಿದೆ. ಹಾಗೆ ನೀರು ಎಳೆಯಬಾರದೆಂದು ಎಲ್ಲರಿಗೂ ಗೊತ್ತು. ನಮ್ಮ ಯಜಮಾನರು ಬೇಡವೆಂದರು. ಹಟ ಹಿಡಿದವಳು ನಾನೇ. ಸಪ್ಪಳ ಕೇಳದಿರಲೆಂದು ಬಚ್ಚಲಲ್ಲಿಟ್ಟು ಗೋಣಿಚೀಲ ಹೊದಿಸಿದೆ. ಟಾಕಿ ಅರ್ಧ ತಾಸಿನಲ್ಲಿ ತುಂಬಿತು. ಹಂಡೆ, ಕೊಡ ಎಂದು ನೀರು ನಿಲ್ಲುವವರೆಗೂ ಮೋಟರು ಓಡಿಸಿದೆ. ನೀಲವ್ವನ ನಳ ಬತ್ತಿತು.

“ಪೈಪಿನ್ಯಾಗ ಏನೋ ಸಿಕ್ಕೊಂಡೈತಿ ಅನಸ್ತೈತ್ರಿ ಅಕ್ಕಾರ” ಎಂದಳು ಪಾಪ. ಪ್ಲಂಬರನನ್ನು ಕರೆಸಿ ಮನೆ ಮುಂದಿನ ಫರಸಿ ಕಲ್ಲು ಕೀಳಿಸಿ ಅಗೆಸಿದಳು. ಈರಣ್ಣ ಮಗ್ಗ ಬಿಟ್ಟು ಬಂದು ಮಣ್ಣು ಎತ್ತಿ ಹಾಕಿದ. ಏನೂ ಸಿಗಲಿಲ್ಲ. ನಾನು ಅವರಿಗೆಲ್ಲ ಚಹಾ ಕೊಟ್ಟೆ. ಕೊಟ್ಟು, “ಚಿಂತಿ ಮಾಡಬ್ಯಾಡ ನೀಲವ್ವ, ನಿನ್ನ ನಳಕ್ಕ ನಾ ಪ್ರಾರ್ಥನಾ ಮಾಡ್ತೇನಿ” ಎಂದೆ. ಮಾಡಿದೆ ಕೂಡ. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ಮುಂದಿನ ಸಲ ನೀರು ಬಂದಾಗ ನಡುವೆ ಕರೆಂಟು ಹೋಗಿ ಮೋಟರು ನಿಂತಿತು. ಸ್ವಲ್ಪ ಹೊತ್ತಿಗೆ ನೀಲವ್ವ ನಮ್ಮ ಬಾಗಿಲಿಗೆ ಬಂದಳು. “ಅಕ್ಕಾರ, ಕರೆಂಟ್ ಹ್ವಾತು ನೋಡ್ರಿ, ನಮ್ಮ ನಳಕ್ಕ ನೀರು ಬಂತು.” ಬೈಯಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ ಹೋದಳು. ಅಂದಿನಿಂದ ಸಂಜೆ ಬರುವುದನ್ನೂ ಚರ್ಚಿಗೆ ಬರುವುದನ್ನೂ ಬಿಟ್ಟಳು.

ಮೋಟರು ಅಂದೇ ಬಿಚ್ಚಿದೆ. ಬಾಯಿ ಬಿಚ್ಚಲಿಲ್ಲ. ನೀಲವ್ವ ಯಾಕೆ ಕಾಣುತ್ತಿಲ್ಲ ಎಂದು ಪಾದ್ರಿಯವರು ಕೇಳಿದರು. “ಗಂಡ ಬಿಡವಲ್ಲರೀ, ಮನ್ಯಾಗ ಭಾಳ ವಿರೋಧ ಐತಿ” ಎಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಯಾರೂ ಮರುಪ್ರಶ್ನೆ ಹಾಕಲಿಲ್ಲ. ಈರಣ್ಣನ ಕಲ್ಲು ಮನಸ್ಸು ಕರಗಲೆಂದು ಪಾದ್ರಿಯವರು ಪ್ರಾರ್ಥಿಸಿದರು. ನಾನೂ ಕಣ್ಣು ಮುಚ್ಚಿ ಆಮೆನ್ ಎಂದೆ.

ಇದೆಲ್ಲ ಆಗಿ ಎರಡು ವರ್ಷ. ಮೊನ್ನೆ ನೋಟ್‌ಬುಕ್ ಮುಚ್ಚಿಟ್ಟು ನೀಲವ್ವನ ಮನೆಗೆ ಹೋದೆ. ಅವಳು ನೀರು ತುಂಬುತ್ತಿದ್ದಳು. ನಿಂತುಕೊಂಡೇ ಮೋಟರಿನ ವಿಷಯ ಹೇಳಿದೆ.

“ಗೊತ್ತೈತ್ರಿ” ಎಂದಳು, ಕೊಡದಿಂದ ಕಣ್ಣೆತ್ತದೆ. “ನನ್ನ ಬ್ಯಾಸರಾ ನೀರಿಂದಲ್ರಿ. ಆಯಿ ಹೋದ್ಲು, ಆಕಿ ಜೋಡಿ ಆಕಿ ದೇವರೂ ಹ್ವಾದ ಅನಿಸ್ತು. ನೀವು ಓದಿದ್ದು ಬರೇ ಓದು ಅಂತ ತಿಳೀತು.”

“ಇನ್ನೊಂದೂ ಐತಿ” ಎಂದು, ಪಾದ್ರಿಯವರಿಗೆ ಹೇಳಿದ್ದ ಸುಳ್ಳನ್ನೂ ಬಿಚ್ಚಿಟ್ಟೆ. ಒಳಗೆ ಮಗ್ಗ ನಿಂತಿತು. ಈರಣ್ಣ ಹೊರಗೆ ಬಂದ. “ಹಂಗಾರ ಪಾದ್ರ್ಯಾರು ನನ್ನ ಕಂಡ್ರ ಮಾರಿ ತಿರುವೋದು ಅದಕ್ಕೇನ್ರಿ? ನಾ ಏನ್ ತಪ್ಪ್ ಮಾಡೇನಪಾ ಅಂತ ತಲಿ ಕೆಡಿಸ್ಕೊಂಡಿದ್ದೆ.”

ನೀಲವ್ವ ಈಗ ಎದ್ದು ನಿಂತಳು. “ನಮ್ಮ ಮುಂದ ಹೇಳಿದ್ದು ಆತ್ರಿ. ಸುಳ್ಳು ಎಲ್ಲಿ ಹೇಳೀರಿ, ಅಲ್ಲೇ ಹೋಗಿ ಖರೆ ಹೇಳ್ರಿ. ಹೇಳಿದ್ರ ನಾ ಬರ್ತೇನಿ ಅಂತಲ್ಲ ಮತ್ತ. ಇವರ ಹೆಸರು ಚೊಕ್ಕ ಆಗ್ಲಿ.”

ನಿನ್ನೆ ಭಾನುವಾರ ಚರ್ಚಿನಲ್ಲಿ ಹೇಳಿದೆ. ಅತ್ತೆ, ಪೈಪು, ಗೋಣಿಚೀಲ, ಈರಣ್ಣ, ಒಂದೂ ಬಿಡಲಿಲ್ಲ. ನನ್ನ ಸಂಡೇ ಸ್ಕೂಲಿನ ಮಕ್ಕಳು ಮುಂದಿನ ಸಾಲಿನಲ್ಲೇ ಇದ್ದರು. ಮುಗಿಸಿದಾಗ ಯಾರೂ ಆಮೆನ್ ಎನ್ನಲಿಲ್ಲ, ಯಾರೋ ಕೆಮ್ಮಿದರು.

ಮನೆಗೆ ಬರುವಾಗ ಈರಣ್ಣ ಕಟ್ಟೆಯ ಮೇಲೆ ಕುಳಿತಿದ್ದ. “ಹೇಳಿದ್ರೇನ್ರಿ?”

“ಹೇಳಿದೆ. ಸಂಜಿಗೆ ಪಾದ್ರಿಯವರು ನಿನ್ನ ಕಡೆ ಬರ್ತಾರಂತ, ಕ್ಷಮಾ ಕೇಳಾಕ.”

ಅವನು ಗಡಬಡಿಸಿ ಎದ್ದ. “ಅಯ್ಯ, ಅವರ‍್ಯಾಕ ಕೇಳ್ತಾರ್ರಿ! ಏ ನೀಲಾ, ಸಂಜಿಗೆ ಚಾಕ್ಕ ಹಾಲು ತರಿಸು.”

ಒಳಗಿನಿಂದ ನೀಲವ್ವನ ದನಿ ಬಂತು: “ಅಕ್ಕಾರೂ ಬರ್ತಾರೇನು ಕೇಳ್ರಿ. ಎಷ್ಟು ಹಾಲು ತರಿಸೂದು ಗೊತ್ತಾಗಬೇಕಲ್ಲ.”

ನನ್ನನ್ನಲ್ಲ, ಗಂಡನನ್ನು ಕೇಳಿದಳು. ಬರುತ್ತೇನೆಂದು ನಾನೂ ಅವನಿಗೇ ಹೇಳಿದೆ.