ಹುಳಕ್ಕೆ ಕೊಡುವ ಬೇರು

ಅವರ ಎಡಗೈಯಲ್ಲಿ ಕಿರುಬೆರಳು ಇರಲಿಲ್ಲ. ಅದಿದ್ದ ಜಾಗದ ಚರ್ಮ ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಕಪ್ಪಾಗಿ ಸುಕ್ಕುಗಟ್ಟಿತ್ತು. ಮೊದಲ ದಿನ ಮೇಜಿನ ಮೇಲೆ ಬೇರಿನ ಗಂಟು ಬಿಚ್ಚುತ್ತಿದ್ದ ಆ ಕೈಯನ್ನೇ ನಾನು ನೋಡುತ್ತಿದ್ದುದು ಗೊತ್ತಾಗಿ, ಕೇಳದೆಯೇ ಹೇಳಿದರು:

"ಉಳ ಮುಟ್ಟಿತ್ತು ಕಣ್ರವ್ವಾ. ನಾನೇ ಕುಯ್ಕಂಡೆ."

ಆ ಸೀಮೆಯವರ ಬಾಯಲ್ಲಿ ಹಕಾರ ಉದುರಿಹೋಗುತ್ತದೆ. 'ಉಳ' ಎಂದರೆ ಹುಳ ಎಂದು ಬಿಡಿಸಿಕೊಂಡು, ಪರವಾಗಿಲ್ಲ, ನಾನೂ ಜಾಣೆಯೇ ಎಂದುಕೊಂಡೆ. ಗಾಯಕ್ಕೆ ಹುಳ ಬಿದ್ದು ಬೆರಳು ಕೊಳೆತಿರಬೇಕು ಎಂದು ಭಾವಿಸಿದೆ.

ಅದು ಅರವತ್ತರ ದಶಕದ ನಡುಭಾಗ. ಕೊಳ್ಳೇಗಾಲ ಮೈಸೂರಿಗೆ ಸೇರಿ ಹತ್ತು ವರ್ಷವಾಗುತ್ತ ಬಂದಿದ್ದರೂ ಹಳಬರ ಪಾಲಿಗೆ ಅದಿನ್ನೂ ಕೊಯಮತ್ತೂರು ಜಿಲ್ಲೆಯೇ. ಅಲ್ಲಿ ಹಳೆಯ ರೇಷ್ಮೆ ಗೋದಾಮೊಂದನ್ನು ಹಿಡಿದು ಔಷಧ ಕಂಪನಿಯೊಂದು ಸಣ್ಣ ಪ್ರಯೋಗಾಲಯ ತೆರೆದಿತ್ತು. ಕಾಡಂಚಿನ ಊರುಗಳವರು ಬಳಸುವ ಬೇರು, ತೊಗಟೆಗಳನ್ನು ತರಿಸಿ, ಕುದಿಸಿ, ಸಾರ ತೆಗೆದು, ಬಿಳಿ ಇಲಿಗಳ ಮೇಲೆ ಪರೀಕ್ಷಿಸುವುದು ನಮ್ಮ ಕೆಲಸ. ನಾನು ಧಾರವಾಡದ ಪೇಟೆಯಲ್ಲಿ ಬೆಳೆದು ರಸಾಯನಶಾಸ್ತ್ರ ಓದಿದವಳು. ಹೊಲದ ಬದು ತುಳಿದವಳಲ್ಲ. ಗಂಡನ ನೌಕರಿ ನನ್ನನ್ನು ಅಲ್ಲಿಗೆ ಎಳೆದು ತಂದಿತ್ತು. ಪ್ರಯೋಗಾಲಯದ ಹಿಂದಿನ ಬೀದಿಯಲ್ಲೇ ಮನೆ; ಐದು ವರ್ಷದ ಒಬ್ಬಳೇ ಮಗಳು.

ಅವರು ಲೊಕ್ಕನಹಳ್ಳಿ ಕಡೆಯ ರೈತರು. ನಾವೆಲ್ಲ 'ಬೇರಿನ ಯಜಮಾನರು' ಎನ್ನುತ್ತಿದ್ದೆವು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಮಡಿಸಿದ ಟವಲು. ಬೇರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡೇ ಬರುತ್ತಿದ್ದರು. ಅಗೆಯುವಾಗ ಗಿಡದ ಮೇಲೆ ತಮ್ಮ ನೆರಳು ಬೀಳಬಾರದಂತೆ. ಅಗೆದ ಮೇಲೆ ಉಳಿದ ಗಿಡಗಳಿಗೆ ಬೆನ್ನು ತೋರಿಸಬಾರದಂತೆ. ಹಿಂದೆ ಹಿಂದಕ್ಕೇ ನಡೆದು ಬರಬೇಕಂತೆ. ನನ್ನ ಧಾರವಾಡದ ಮಾತು ಕೇಳಿದರೆ ಅವರಿಗೆ ನಗು.

"ಅಮ್ಮಾವ್ರೆ, ನೀವಾಡಾದೂ ಕನ್ನಡವೇಯಾ ಅಂತ ಅಂದ್ರೆ ನಮ್ಮೂರಲ್ಲಿ ಯಾರೂ ನಂಬಾಕಿಲ್ಲ."

ಅವರು ಒಳಗೆ ಬಂದರೆ ಇಲಿಗಳು ಸುಮ್ಮನಾಗುತ್ತಿದ್ದವು. ಸುಮ್ಮನೆ ಎಂದರೆ, ಅಷ್ಟೂ ಪಂಜರಗಳ ಇಲಿಗಳು ಅವರಿಂದ ದೂರದ ಮೂಲೆಗೆ ಸರಿದು, ಒಂದರ ಮೇಲೊಂದು ಒತ್ತಿಕೊಂಡು, ಅವರನ್ನೇ ನೋಡುತ್ತ ಕೂರುತ್ತಿದ್ದವು. ಬಟ್ಟೆಗೆ ಯಾವುದೋ ಕಾಡಿನ ವಾಸನೆ ಹತ್ತಿರಬೇಕು ಎಂದು ನಾನು ಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಂಡರೆ ಭಯ ಕಡಿಮೆಯಾಗುತ್ತದೆ ಎಂಬುದು ನನ್ನ ಹಳೆಯ ಚಾಳಿ.

ಒಮ್ಮೆ ತಿಳಿಹಳದಿ ಬಣ್ಣದ ಹೊಸ ಬೇರು ತಂದರು.

"ಇದನ್ನ ಎದಕ್ಕ ಕೊಡ್ತೀರಿ ಕಾಕಾ?" ಎಂದೆ.

"ಉಳಕ್ಕೆ."

"ಸಣ್ಣ ಹುಡುಗ್ರಿಗೂ ಕೊಡ್ತೀರೇನು?"

"ಮಕ್ಕಳ್ಗೆ ಅರ್ಧ ಲೋಟ. ವಾಂತಿಯಾಯ್ತೋ, ಉಳ್ಕಂಡಂಗೆ."

ಬೇರು ಕೀಳುವಾಗಲೂ ಕೊಡುವಾಗಲೂ ಅದರ ವೈರಿಯ ಹೆಸರು ಆಡಬಾರದು ಎಂದರು. ಆಡಿದರೆ ಏನಾಗುತ್ತದೆ ಎಂದು ನಗುತ್ತ ಕೇಳಿದೆ. ಅವರು ನಗಲಿಲ್ಲ.

"ಬೇರು ನಮ್ಮ ಕೈ ಬುಟ್ಟೋಯ್ತದೆ. ಆಮ್ಯಾಲೆ ಆ ವೈರೀನೇ ಆಡ್ದೋರ್ನ ಉಡುಕ್ಕಂಡು ಬತ್ತದೆ."

"ಹಂಗಾರ ಹುಳಾ ಅಂತ ನಾನೂ ಅನಬಾರದೇನು?"

"ಉಳ ಅನ್ನಿ. ಅಷ್ಟೇ ಅನ್ನಿ."

ಇನ್ನೊಂದು ಕಟ್ಟಳೆಯೂ ಇತ್ತು. ಆ ಔಷಧಿ ಕೊಡುವವರು ಕರೆಯದೆ ಹೋಗುವ ಹಾಗಿಲ್ಲ. ಕರೆಯಲು ಬಂದವರು ಹೊಸ್ತಿಲಾಚೆ ನಿಂತೇ ಹೇಳಬೇಕು.

ನಾನು ರಿಜಿಸ್ಟರಿನಲ್ಲಿ ಇಂಗ್ಲಿಷಿನಲ್ಲಿ 'ಹೊಟ್ಟೆಹುಳುವಿಗೆ' ಎಂದು ಬರೆದೆ. ನಮ್ಮ ಮುಖ್ಯಸ್ಥರು ಮದರಾಸಿನವರು, ಸಹಿ ಹಾಕಿದರು. ಇಲಿಗಳಿಗೆ ಮೇವು ಹಾಕುತ್ತಿದ್ದ ಯಳಂದೂರಿನ ಹೆಂಗಸಿಗೆ ಒಂದು ಸಲ ಓದಿ ಹೇಳಿದ್ದರೆ ಸಾಕಿತ್ತು, ಅದೇ ಸೀಮೆಯವಳು, ತಪ್ಪು ಹಿಡಿಯುತ್ತಿದ್ದಳು. ಇಂಗ್ಲಿಷ್ ರಿಜಿಸ್ಟರನ್ನು ಅವಳಿಗೆ ಓದಿ ಹೇಳುವವರು ಯಾರು! ಎರೆಹುಳುಗಳನ್ನು ಗಾಜಿನ ತಟ್ಟೆಯಲ್ಲಿಟ್ಟು ಸಾರ ಸುರಿದೆವು. ಸಾಯುವ ಮೊದಲು ಅವೆಲ್ಲ ಒಂದೇ ದಿಕ್ಕಿಗೆ ಸುರುಳಿ ಸುತ್ತಿ, ಒಂದು ತುದಿಯನ್ನು ಮೇಲೆತ್ತಿ ನಿಂತವು. ಎರೆಹುಳು ಹಾಗೆ ನಿಲ್ಲುವುದನ್ನು ನಾನು ಹಿಂದೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಇಲಿಗಳಿಗೆ ತೊಟ್ಟಿನಷ್ಟು ಕೊಟ್ಟೆವು, ಏನೂ ಆಗಲಿಲ್ಲ. ಮುಖ್ಯಸ್ಥರಿಗೆ ಖುಷಿಯೋ ಖುಷಿ.

ಆಗ ನನ್ನ ಮಗಳಿಗೆ ಹೊಟ್ಟೆಹುಳುವಿನ ಕಾಟ. ಆಸ್ಪತ್ರೆಯ ಗುಳಿಗೆ ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ನಾನೇ ಒಂದು ಚಮಚ ಸಾರ ಕುಡಿದು ನೋಡಿದ್ದೆ, ನಾಲಿಗೆ ಜೋಮು ಹಿಡಿದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಓದಿದವಳೆಂಬ ಜಂಬ ಬೇರೆ. ಒಂದು ರಜಾದಿನ ಬೆಳಿಗ್ಗೆ ಬೇರನ್ನು ಮನೆಯಲ್ಲೇ ಕುದಿಸಿ, ಬತ್ತಿಸಿ, ಅರ್ಧ ಲೋಟ ಆರಿಸಿ, ಅಡುಗೆಮನೆಯಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಲೋಟ ಅವಳ ತುಟಿಗೆ ತಾಗಿತ್ತು.

ಬೀದಿಯಿಂದ ಕೂಗು ಕೇಳಿತು. "ಅಮ್ಮಾವ್ರೆ, ಕುಡುಸ್ಬ್ಯಾಡಿ! ಅದು ಉಳದ್ದು ಕಣವ್ವಾ!"

ದನಿ ಯಜಮಾನರದು. ನಾನು ತಿರುಗದೆಯೇ ಉತ್ತರಿಸಿದೆ. "ಹೌದ್ರಿ ಕಾಕಾ, ಹುಳಕ್ಕಂತನ ಕುಡಸಾಕತ್ತೀನಿ!"

ಆಮೇಲೆ ಅವರು ಆ ಮಾತನ್ನು ಆಡಿದರು. ಬಿಲದಲ್ಲಿರುವ, ಪೊರೆ ಬಿಡುವ, ಹೆಡೆಯೆತ್ತುವ ಆ ಜೀವದ ನಿಜವಾದ ಹೆಸರು. ಎರಡೇ ಅಕ್ಷರ. ಬೀದಿಗೆಲ್ಲ ಕೇಳುವಂತೆ ಕೂಗಿದರು. ಹಕಾರ ಉದುರಿದ್ದರೂ ಈ ಸಲ ನನಗೆ ಸರಿಯಾಗಿ ಅರ್ಥವಾಯಿತು: ಅವರ 'ಉಳ' ಇದೇ, 'ಮುಟ್ಟುವುದು' ಎಂದರೆ ಕಚ್ಚುವುದು. ಲೋಟ ನನ್ನ ಕೈಯಿಂದ ಜಾರಿ ನೆಲದ ಮೇಲೆ ಅರ್ಧ ಚೆಲ್ಲಿತು.

ಓಡಿ ಹೊರಗೆ ಬಂದೆ. ಅವರು ಹೊಸ್ತಿಲಾಚೆ ನಿಂತಿದ್ದರು, ಮುಖ ಬೂದಿಯಾಗಿತ್ತು. ಬೀದಿಯ ನಲ್ಲಿಯಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿದರು.

"ಮುಟ್ಟಿಸ್ಕಂಡೋರ್ಗೆ ಅದು ಮದ್ದು. ಮುಟ್ಟಿಸ್ಕಳ್ದೆ ಇರೋರ್ಗೆ ಅದೇ ಮುಟ್ದಂಗೆ ಕಣವ್ವಾ," ಎಂದರು.

ನಿಮಗೆ ಹೇಗೆ ಗೊತ್ತಾಯಿತು ಎಂದೆ. ಮೊದಲ ಕೋಳಿ ಕೂಗುವ ಹೊತ್ತಿಗೆ ಅವರ ಬಾಗಿಲಲ್ಲಿ ಒಂದು ಹೆಣ್ಣುಮಗು ಬಂದು ನಿಂತಿತ್ತಂತೆ. ಹಳದಿ ಲಂಗ, ಎಡಗಿವಿಯಲ್ಲಿ ಓಲೆಯ ಬದಲು ಬೇವಿನ ಕಡ್ಡಿ. ಯಾರಿಗೆ ಮುಟ್ಟಿದೆ ಎಂದು ಕೇಳಿದರೆ ತನ್ನ ಬಾಯಿ ತೋರಿಸಿ, ನನ್ನ ಹಾಗೆಯೇ 'ಕಾಕಾ' ಎಂದಿತಂತೆ. ಆ ಸೀಮೆಯಲ್ಲಿ ಅವರನ್ನು ಹಾಗೆ ಕರೆಯುತ್ತಿದ್ದವಳು ನಾನೊಬ್ಬಳೇ. ಮೊದಲ ಬಸ್ಸು ಹಿಡಿದು ಹನೂರಿನ ಮೇಲೆ ನೇರ ಬಂದಿದ್ದರು.

ನನ್ನ ಬೆನ್ನಿಗೆ ಮಗಳು ಬಂದು ನಿಂತಿದ್ದಳು. ಹಿಂದಿನ ಸಂಜೆಯಷ್ಟೇ ಓಲೆ ಕಳೆದುಕೊಂಡಿದ್ದಳು, ಕಡ್ಡಿ ಚುಚ್ಚಿದವಳು ನಾನೇ. ಯಜಮಾನರು ಅವಳನ್ನು ಅದುವರೆಗೆ ನೋಡಿರಲಿಲ್ಲ.

"ಇದೇಯಾ ಮಗ," ಎಂದರು. ಆಮೇಲೆ ತಮಗೇ ಹೇಳಿಕೊಳ್ಳುವಂತೆ, "ಆಡ್ಬುಟ್ಟೆ."

ನೀರು ಕೊಟ್ಟರೂ ಕುಡಿಯದೆ ಹೊರಟರು. ಹೋಗುವಾಗ ಬೀದಿ ತಿರುಗುವವರೆಗೂ ನಮಗೆ ಬೆನ್ನು ತೋರಿಸದೆ, ಹಿಂದೆ ಹಿಂದಕ್ಕೇ ನಡೆದರು.

ಲೋಟದ ತಳದಲ್ಲಿ ಉಳಿದದ್ದನ್ನು ಮಾರನೆಯ ದಿನ ಎರಡು ಇಲಿಗಳಿಗೆ ಕುಡಿಸಿದೆ. ಅರ್ಧ ಗಂಟೆಯೊಳಗೆ ಎರಡೂ ತಣ್ಣಗಾದವು. ರಿಜಿಸ್ಟರಿನ ಆ ಸಾಲು ಹೊಡೆದು ಹಾಕಿದೆ.

ಎರಡು ತಿಂಗಳು ಅವರು ಬರಲಿಲ್ಲ. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಅವರೂರಿಗೆ ಹೋದೆ. ಬಾಗಿಲಿಗೆ ಬಂದ ಅವರ ಹೆಂಡತಿಯ ಹಣೆ ಬರಿದಾಗಿತ್ತು.

"ಓದ ಅಮಾಸೇಲಿ ಓದ್ರು ಕಣವ್ವಾ," ಎಂದರು. ಏನಾಗಿತ್ತು ಎಂದು ನಾನು ಕೇಳುವ ಮೊದಲೇ ಅವರೇ ಹೇಳಿದರು. "ಉಳ ಮುಟ್ತು. ಬೇರು ಮನೇಲೇ ಇತ್ತು, ತೇಯ್ದು ಕುಡುಸ್ದೆ. ಮದ್ದು ಇಡೀನಿಲ್ಲ."

ಆಮೇಲೆ ನನ್ನ ಮಗಳ ಕಡೆ ಬಾಗಿ ನೋಡಿದರು.

"ಅವತ್ತು ಬಾಗ್ಲಲ್ಲಿ ನಿಂತಿದ್ದ ಮಗ ಅಲ್ವಾ ಇದು? ನಾನು ನೀರು ತರಾಗಂಟ ಇರ್ನಿಲ್ಲವಲ್ಲವ್ವಾ."

ನಾನು ಅಲ್ಲೇ ಜಗಲಿಯ ಮೇಲೆ ಕೂತು ಅತ್ತೆ. ಆ ಹೆಂಗಸು ನನ್ನನ್ನು ಒಂದು ಮಾತೂ ಬೈಯಲಿಲ್ಲ, ಮಗಳ ಕೈಗೆ ಬೆಲ್ಲ ಕೊಟ್ಟರು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಮಗಳಿಗೆ ಇದೊಂದೂ ನೆನಪಿಲ್ಲ. ಅವಳಿಗೀಗ ಮೊಮ್ಮಕ್ಕಳು. ಆ ಬೇರಿನಲ್ಲಿ ಏನಿತ್ತು, ಅದು ಯಾರನ್ನಾದರೂ ಬದುಕಿಸುತ್ತಿತ್ತೇ ಎಂಬುದನ್ನು ನಮ್ಮ ಪ್ರಯೋಗಾಲಯ ಕಂಡುಹಿಡಿಯಲೇ ಇಲ್ಲ. ಹೆಸರು ಆಡಿದ್ದಕ್ಕೂ ಅವರ ಸಾವಿಗೂ ಸಂಬಂಧವಿಲ್ಲ ಎಂದು ನನ್ನ ಓದು ಹೇಳುತ್ತದೆ, ನಾನೂ ತಲೆಯಾಡಿಸುತ್ತೇನೆ. ಆದರೆ ನನ್ನ ಮಗಳಿಗಾಗಿ ಅವರು ಕೂಗಿದ ಆ ಎರಡಕ್ಷರವನ್ನು ಅಂದಿನಿಂದ ನಾನು ಬಾಯಲ್ಲಿ ಆಡಿಲ್ಲ. ಇಷ್ಟುದ್ದ ಬರೆದೆನಲ್ಲ, ಇಲ್ಲಿಯೂ ಎಲ್ಲೂ ಬರೆದಿಲ್ಲ.